ತಾಮ್ರ, ಗಾಳಿ, ಗಾಜಿನೆಳೆ: ಸಿಡ್ನಿಯ ಒಂದೇ ಮನೆಯಲ್ಲಿ ಮೂರು ಬಗೆಯ ಇಂಟರ್ನೆಟ್

ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರು ಮನೆ ಸಿಕ್ಕಿದ ಕೂಡಲೇ ಕೇಳುತ್ತಾರೆ: "ಇಂಟರ್ನೆಟ್‌ಗೆ ಯಾವ ಕಂಪನಿ ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ: "ನಿಮ್ಮ ಮನೆಗೆ ಬಂದಿರೋ ತಂತಿ ಯಾವುದು?" ಕಂಪನಿಯ ಮಾತು ಆಮೇಲೆ. ಇಲ್ಲಿ ಟೆಲ್‌ಸ್ಟ್ರಾ, ಆಪ್ಟಸ್, ಟಿಪಿಜಿ, ಆಸೀ ಬ್ರಾಡ್‌ಬ್ಯಾಂಡ್, ಸೂಪರ್‌ಲೂಪ್ ಅಂತ ಹತ್ತಾರು ಹೆಸರುಗಳಿವೆ. ಆದರೆ ಮನೆ ತನಕ ಬರುವ ಜಾಲ ಬಹುತೇಕ ಕಡೆ ಒಂದೇ, ಸರ್ಕಾರಿ ಒಡೆತನದ ಎನ್‌ಬಿಎನ್ (ನ್ಯಾಷನಲ್ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್). ರಸ್ತೆ ಒಂದೇ, ಅದರ ಮೇಲೆ ಓಡೋ ಬಸ್ಸುಗಳು ಬೇರೆ ಬೇರೆ. ರಸ್ತೆ ತುಂಬ ಗುಂಡಿ ಇದ್ದರೆ ಬಸ್ಸು ಬದಲಿಸಿ ಏನು ಸಿಗುತ್ತೆ?

ನಮ್ಮದು ಸಿಡ್ನಿಯ ಪಶ್ಚಿಮಕ್ಕೆ, ಪ್ಯಾರಮಟ್ಟಾ ದಾಟಿದ ಮೇಲೆ ಸಿಗುವ ಹಳೇ ಸಬರ್ಬ್. ಇಬ್ಬರಿಗೂ ಅರ್ಧ ವಾರ ಮನೆಯಿಂದಲೇ ಕೆಲಸ. ಮಗನಿಗೆ ಪ್ಲೇಸ್ಟೇಷನ್. ರಾತ್ರಿ ಊಟ ಆದ ಮೇಲೆ ಊರಿಗೆ ವಿಡಿಯೋ ಕಾಲ್. ಇದೇ ಮನೆಯಲ್ಲಿ ತಾಮ್ರದ ತಂತಿ, ಗಾಳಿಯಲ್ಲಿ ಬರುವ 5ಜಿ, ಫೈಬರ್ ಅಂದರೆ ಗಾಜಿನೆಳೆ, ಈ ಮೂರನ್ನೂ ಬಳಸಿ ನೋಡಿದ್ದೇವೆ. ಹಾಗಾಗಿ ಈ ಹೋಲಿಕೆ ಜಾಹೀರಾತು ಓದಿ ಬರೆದದ್ದಲ್ಲ.

ಒಂದೇ ಊರಲ್ಲಿ ಇಷ್ಟು ಬಗೆಯ ತಂತಿ ಯಾಕೆ ಅನ್ನೋದನ್ನ ಚುಟುಕಾಗಿ ಹೇಳಿಬಿಡುತ್ತೇನೆ. 2009ರಲ್ಲಿ ಎನ್‌ಬಿಎನ್ ಶುರುವಾದಾಗ ದೇಶದ 90% ಮನೆ, ಅಂಗಡಿಗಳಿಗೆ ನೇರ ಫೈಬರ್ ಕೊಡುವ ಯೋಜನೆ ಇತ್ತು. 2013ರಲ್ಲಿ ಸರ್ಕಾರ ಬದಲಾಯಿತು. ಖರ್ಚು ಕಮ್ಮಿ ಮಾಡೋಣ, ಬೇಗ ಮುಗಿಸೋಣ ಅಂತ ಹಳೇ ಟೆಲಿಫೋನ್ ತಂತಿ, ಹಳೇ ಟಿವಿ ಕೇಬಲ್ ಎಲ್ಲವನ್ನೂ ಸೇರಿಸಿಕೊಂಡರು. 2020ರಲ್ಲಿ ಮತ್ತೆ ಮನಸ್ಸು ಬದಲಿಸಿ, ಬೇಕು ಅಂದವರಿಗೆ ಫೈಬರ್ ಎಳೆದುಕೊಡುತ್ತೇವೆ ಅಂದರು. ಈ ಎಳೆದಾಟದಿಂದಾಗಿ ಎದುರುಬದುರು ಬೀದಿಗಳಲ್ಲೂ ಬೇರೆ ಬೇರೆ ತಂತ್ರಜ್ಞಾನ ಇರಬಹುದು. ಎನ್‌ಬಿಎನ್ ವೆಬ್‌ಸೈಟಿನಲ್ಲಿ ನಿಮ್ಮ ವಿಳಾಸ ಹಾಕಿದರೆ ನಿಮ್ಮ ಪಾಲಿಗೆ ಯಾವುದು ಬಂದಿದೆ ಅಂತ ಗೊತ್ತಾಗುತ್ತೆ. ಬಾಡಿಗೆ ಮನೆ ನೋಡೋಕೆ ಹೋಗುವ ಮೊದಲೇ ಇದನ್ನ ನೋಡಿಕೊಂಡರೆ ಒಳ್ಳೇದು.

ತಾಮ್ರದ ಕಾಲ

ನಮಗೆ ಮೊದಲು ಇದ್ದದ್ದು ಎಫ್‌ಟಿಟಿಎನ್. ಬೀದಿ ಮೂಲೆಯ ಹಸಿರು ಡಬ್ಬದ ತನಕ ಫೈಬರ್ ಬರುತ್ತೆ, ಅಲ್ಲಿಂದ ಮನೆಗೆ ಹಳೇ ಟೆಲಿಫೋನಿನ ತಾಮ್ರದ ತಂತಿ. ಆ ಡಬ್ಬಕ್ಕೂ ನಿಮ್ಮ ಮನೆಗೂ ಎಷ್ಟು ದೂರ ಅನ್ನೋದರ ಮೇಲೆ ಸ್ಪೀಡ್ ನಿಂತಿದೆ. ಹತ್ತಿರದ ಮನೆಯವರಿಗೆ 100 ಮೆಗಾಬಿಟ್ ತನಕ ಸಿಗಬಹುದು, ದೂರ ಹೋದಂತೆ ಇಳಿಯುತ್ತೆ. ನಮಗೆ ಸಿಗುತ್ತಿದ್ದದ್ದು 40ರ ಒಳಗೆ. ಅಪ್‌ಲೋಡ್ 8 ದಾಟಿದರೆ ಹಬ್ಬ.

ಸಿನಿಮಾ ನೋಡೋಕೆ 40 ಸಾಕು, ಸುಳ್ಳು ಹೇಳಬಾರದು. ನಮಗೆ ನೋವು ಕೊಟ್ಟದ್ದು ಅಪ್‌ಲೋಡ್. ಹೆಂಡತಿಯೂ ನಾನೂ ಒಟ್ಟಿಗೆ ಮೀಟಿಂಗಿನಲ್ಲಿದ್ದಾಗ ಫೋನುಗಳು ಫೋಟೊ ಬ್ಯಾಕಪ್ ಶುರು ಮಾಡಿದರೆ ಮುಗೀತು, ಇಬ್ಬರ ಮುಖವೂ ಹಾಗೇ ನಿಂತುಬಿಡುತ್ತಿತ್ತು. ಜೋರು ಮಳೆ ಬಂದರೆ ಲೈನೇ ಕಟ್ ಆಗುತ್ತಿತ್ತು. ನೆಲದಡಿಯ ಗುಂಡಿಯಲ್ಲಿ ತಂತಿ ಸೇರಿಸಿದ ಜಾಗಕ್ಕೆ ನೀರು ಹೋದರೆ ತಾಮ್ರದ ಲೈನು ಹಾಗೇ ಆಡುತ್ತೆ. ಈ ತಂತಿಯ ಮೇಲೆ ನಾವು ಕಂಪನಿಯನ್ನೂ ಬದಲಿಸಿ ನೋಡಿದೆವು. ಬಿಲ್ಲಿನ ಮೇಲಿನ ಹೆಸರು ಬದಲಾಯಿತು, ಮಳೆ ಬಂದಾಗಿನ ಕಥೆ ಬದಲಾಗಲಿಲ್ಲ.

ಇದರ ದಾಯಾದಿ ಎಫ್‌ಟಿಟಿಸಿ. ಅದರಲ್ಲಿ ಫೈಬರ್ ನಿಮ್ಮ ಮನೆ ಮುಂದಿನ ಗುಂಡಿಯ ತನಕ ಬರುತ್ತೆ, ತಾಮ್ರ ಕೊನೆಯ ಕೆಲವು ಮೀಟರು ಮಾತ್ರ. ಆದ್ದರಿಂದ 100ರ ತನಕ ಸಲೀಸು. ನಾನು ಅದನ್ನ ಬಳಸಿಲ್ಲ, ಜಾಸ್ತಿ ಹೇಳೋದಿಲ್ಲ.

5ಜಿ: ಡಬ್ಬ ತೆಗೆ, ಪ್ಲಗ್ ಹಾಕು

ತಾಮ್ರದಿಂದ ಬೇಸತ್ತು 5ಜಿ ಹೋಮ್ ಇಂಟರ್ನೆಟ್ ತಂದೆವು. ಯಾವ ಕಂಪನಿಯದು ಅಂತ ಹೇಳೋದಿಲ್ಲ, ಅದು ಮುಖ್ಯವೂ ಅಲ್ಲ. ಹತ್ತಿರದ ಟವರ್ ಮುಖ್ಯ. ಕೊರಿಯರ್‌ನಲ್ಲಿ ಮೋಡೆಮ್ ಬಂತು, ಕಿಟಕಿ ಪಕ್ಕ ಇಟ್ಟೆವು, ಹತ್ತು ನಿಮಿಷದಲ್ಲಿ ಕೆಲಸ ಆಯಿತು. ತಂತ್ರಜ್ಞ ಬರೋದು, ಅವರಿಗಾಗಿ ಅರ್ಧ ದಿನ ರಜೆ ಹಾಕಿ ಕಾಯೋದು ಯಾವುದೂ ಇಲ್ಲ. ಮೊದಲ ಬೆಳಿಗ್ಗೆ 300ರ ಮೇಲೆ ತೋರಿಸಿದಾಗ ಮನೆಯಲ್ಲಿ ಸಂಭ್ರಮವೋ ಸಂಭ್ರಮ.

ಸಂಜೆ ಬಣ್ಣ ಬಯಲಾಯಿತು. ಏಳು ಗಂಟೆಯ ಮೇಲೆ ಸುತ್ತಮುತ್ತಲಿನವರೆಲ್ಲ ಅದೇ ಟವರನ್ನ ಹಂಚಿಕೊಳ್ಳುತ್ತಾರಲ್ಲ. ಒಂದು ದಿನ 150, ಇನ್ನೊಂದು ದಿನ 30. ಮೋಡೆಮ್ ಇಡುವ ಜಾಗ ಒಂದು ಅಡಿ ಆಚೆ ಈಚೆ ಆದರೂ ಲೆಕ್ಕ ಬದಲಾಗುತ್ತಿತ್ತು. ಅದು ಟವರ್ ಕಡೆಗಿನ ಕಿಟಕಿಯಲ್ಲೇ ಇರಬೇಕು. ನಮ್ಮಲ್ಲಿ ಆ ಕಿಟಕಿ ಮನೆಯ ಒಂದು ತುದಿಯ ರೂಮಿನಲ್ಲಿ. ಅಲ್ಲಿಂದ ಇನ್ನೊಂದು ತುದಿಗೆ ಇಟ್ಟಿಗೆ ಗೋಡೆಗಳನ್ನ ದಾಟಿ ವೈಫೈ ಹೋಗೋ ಹೊತ್ತಿಗೆ ಅರ್ಧಕ್ಕರ್ಧ ಸೋರಿಹೋಗಿರುತ್ತಿತ್ತು.

ಇನ್ನೊಂದು ತೊಂದರೆಯನ್ನ ಮಗ ಕಂಡುಹಿಡಿದ. ಮೊಬೈಲ್ ಜಾಲದಲ್ಲಿ ಸಾಮಾನ್ಯವಾಗಿ ಮನೆಗೊಂದು ಸ್ವಂತ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಮನೆಯನ್ನ ಗುರುತಿಸುವ ನಂಬರು) ಇರೋದಿಲ್ಲ, ಒಂದೇ ವಿಳಾಸವನ್ನ ತುಂಬಾ ಮನೆಗಳು ಹಂಚಿಕೊಳ್ಳುತ್ತವೆ. ಅವನ ಕೆಲವು ಆಟಗಳಲ್ಲಿ ಗೆಳೆಯರ ಜೊತೆ ಸೇರೋಕೆ ಆಗಲಿಲ್ಲ. ನಾನು ಹಾಕಿದ್ದ ಕ್ಯಾಮೆರಾ ರೆಕಾರ್ಡರ್‌ಗೆ ಆಫೀಸಿನಿಂದ ನೇರವಾಗಿ ಹೊಕ್ಕು ನೋಡೋಕೂ ಆಗಲಿಲ್ಲ. ಇಂಥದ್ದೆಲ್ಲ ಬೇಡದ ಮನೆಗೆ ಇದು ಲೆಕ್ಕಕ್ಕೇ ಇಲ್ಲ ಬಿಡಿ.

ಆದರೂ 5ಜಿಯನ್ನ ನಾನು ತಳ್ಳಿಹಾಕೋದಿಲ್ಲ. ಬಾಡಿಗೆ ಮನೆ, ವರ್ಷದಲ್ಲಿ ಖಾಲಿ ಮಾಡ್ತೀವಿ, ಮನೆಯಲ್ಲಿ ಇಬ್ಬರೇ, ಇರೋದು ತಾಮ್ರದ ಲೈನು ಅನ್ನೋರಿಗೆ ನನ್ನ ಓಟು ಇದಕ್ಕೇ. ವಾಪಸ್ ಮಾಡುವ ಅವಕಾಶ ಇರುವ ಪ್ಲಾನ್ ತಗೊಂಡು, ಒಂದು ವಾರ ಸಂಜೆ ಹೊತ್ತಿನಲ್ಲೇ ಪರೀಕ್ಷೆ ಮಾಡಿ. ಬೆಳಿಗ್ಗೆ ಹತ್ತಕ್ಕೆ ಮಾಡಿದ ಸ್ಪೀಡ್ ಟೆಸ್ಟಿಗೆ ಬೆಲೆ ಇಲ್ಲ.

ಫೈಬರ್ ಎಳೆದ ಕಥೆ

2024ರಲ್ಲಿ ನಮ್ಮ ಬೀದಿಗೆ ಎಫ್‌ಟಿಟಿಪಿ ಅಪ್‌ಗ್ರೇಡ್ ಬಂತು. ಅಂದರೆ ಮನೆಯೊಳಗಿನ ಗೋಡೆಯ ತನಕ ಗಾಜಿನೆಳೆ. ಆಗ ಇದ್ದ ಷರತ್ತು ಇಷ್ಟೇ: 100/20 (ಡೌನ್‌ಲೋಡ್ 100, ಅಪ್‌ಲೋಡ್ 20) ಅಥವಾ ಅದಕ್ಕಿಂತ ಮೇಲಿನ ಪ್ಲಾನ್ ತಗೊಳ್ಳಬೇಕು. ತಗೊಂಡರೆ ಎಳೆಯೋ ಖರ್ಚು ಸೊನ್ನೆ. ಎನ್‌ಬಿಎನ್‌ಗೆ ನೇರವಾಗಿ ಅರ್ಜಿ ಹಾಕೋಕಾಗಲ್ಲ, ಯಾವುದಾದರೂ ಒಂದು ಕಂಪನಿಯ ಮೂಲಕವೇ ಹೋಗಬೇಕು.

ಬಂದ ತಂತ್ರಜ್ಞ ಬೀದಿಯ ಗುಂಡಿಯಿಂದ ಮನೆಗೆ ಬಂದಿರುವ ಹಳೇ ಟೆಲಿಫೋನ್ ಪೈಪಿನೊಳಗೆ ಹೊಸ ಎಳೆ ತೂರಿಸಲು ನೋಡುತ್ತಾರೆ. ಪೈಪು ಸರಿಯಿದ್ದರೆ ಕೆಲವು ಗಂಟೆಯ ಕೆಲಸ. ಮರದ ಬೇರು ಹೊಕ್ಕಿದ್ದರೆ, ಪೈಪು ಜಜ್ಜಿಹೋಗಿದ್ದರೆ, ಅಗೆಯೋಕೆ ಬೇರೆ ತಂಡ ಬರಬೇಕು. ನಮ್ಮಲ್ಲಿ ಎರಡನೇದೇ ಆಯಿತು. ಅಗೆತಕ್ಕೆ ದುಡ್ಡು ಕೇಳಲಿಲ್ಲ, ಆದರೆ ಕಾಯೋದು ವಾರಗಟ್ಟಲೆ ಆಯಿತು. ಅಲ್ಲಿಯ ತನಕ ಹಳೇ ಕನೆಕ್ಷನನ್ನ ಇಟ್ಟುಕೊಂಡಿದ್ದೆವು. ಹೊಸದು ಹತ್ತಿಕೊಳ್ಳುವ ತನಕ ಹಳೇದನ್ನ ನಿಲ್ಲಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದ ನಿರ್ಧಾರ ಫೈಬರ್ ಬಂದು ಸೇರುವ ಒಳಗಿನ ಪೆಟ್ಟಿಗೆ ಎಲ್ಲಿ ಕೂರಬೇಕು ಅನ್ನೋದು. ತಂತ್ರಜ್ಞರಿಗೆ ಸುಲಭದ ಜಾಗ ಗ್ಯಾರೇಜು, ಯಾಕೆಂದರೆ ಮನೆಯ ಹೊರಗೋಡೆಯ ಡಬ್ಬ ಅದರ ಪಕ್ಕದಲ್ಲೇ ಇರುತ್ತೆ. ಗ್ಯಾರೇಜಿನಲ್ಲಿ ಕೂತರೆ ರೌಟರೂ ಅಲ್ಲೇ ಕೂರುತ್ತೆ, ನಿಮ್ಮ ಕಾರಿಗೆ ಮಾತ್ರ ಒಳ್ಳೇ ವೈಫೈ! ಮನೆ ನಡುವಿನ ಹಾಲಿಗೆ ಬೇಕು ಅಂತ ಮೊದಲೇ ಹೇಳಿ. ಪಕ್ಕದಲ್ಲಿ ಪವರ್ ಪಾಯಿಂಟ್ ಇರಬೇಕು. ಗೋಡೆಯ ಹಾದಿ ಕಷ್ಟ ಅನಿಸಿದರೆ ಅವರು ಒಪ್ಪದೇ ಇರಬಹುದು, ಕೇಳೋದರಲ್ಲಿ ನಷ್ಟ ಏನಿದೆ?

ಬಂದ ಮೇಲೆ? ಮಳೆಗೆ ಒಮ್ಮೆಯೂ ಕಟ್ ಆಗಿಲ್ಲ. ಸಂಜೆ ಎಂಟಕ್ಕೂ ಬೆಳಿಗ್ಗೆ ಎಂಟಕ್ಕೂ ಹೇಳುವಂಥ ವ್ಯತ್ಯಾಸ ಇಲ್ಲ. ಬೀದಿಯಲ್ಲಿ ಕರೆಂಟು ಬೇಡುವ ಸಲಕರಣೆ ಈ ಜಾಲದಲ್ಲಿ ಇಲ್ಲ. ಹಾಗಾಗಿ ಕರೆಂಟು ಹೋದಾಗ ಪೆಟ್ಟಿಗೆಗೂ ರೌಟರಿಗೂ ಚಿಕ್ಕದೊಂದು ಯುಪಿಎಸ್ ಕೊಟ್ಟರೆ ಇಂಟರ್ನೆಟ್ ನಡೀತಾನೇ ಇರುತ್ತೆ.

ಒಂದೇ ಪೆಟ್ಟಿಗೆ, ಎರಡು ಕಂಪನಿ

ನಮ್ಮ ಮನೆಗೆ ಹಾಕಿದ ಪೆಟ್ಟಿಗೆಯಲ್ಲಿ 4 ಪೋರ್ಟುಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಕಂಪನಿಯ ಕನೆಕ್ಷನ್ ತಗೊಳ್ಳಬಹುದು. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಕಂಪನಿ ಬದಲಿಸುವ ಯೋಚನೆ ಬಂದಾಗ ನಾನು ಎರಡನೇ ಪೋರ್ಟಿಗೆ ಇನ್ನೊಂದು ಕಂಪನಿಯನ್ನ ಹಾಕಿಸಿ, ಒಂದು ತಿಂಗಳು ಎರಡನ್ನೂ ಜೊತೆಗೇ ಓಡಿಸಿದೆ. ದುಬಾರಿ ಹುಚ್ಚು ಅಂತ ಹೆಂಡತಿ ಬೈದಳು. ಆದರೆ ಒಂದೇ ತಂತಿ, ಒಂದೇ ಸಂಜೆ, ಎರಡು ಕಂಪನಿ. ಇದಕ್ಕಿಂತ ನೇರವಾದ ಹೋಲಿಕೆ ಇನ್ನೊಂದಿಲ್ಲ ಅಲ್ವಾ?

ಸ್ಪೀಡಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಬೇರೆ ಕಂಡದ್ದು ಸಣ್ಣಪುಟ್ಟ ಸಂಗತಿಗಳಲ್ಲಿ. ಒಂದರಲ್ಲಿ ಕೇಳಿದ ಕೂಡಲೇ ಹೆಚ್ಚುವರಿ ದುಡ್ಡಿಲ್ಲದೆ ಸ್ವಂತ ಐಪಿ ಕೊಟ್ಟರು, ಇನ್ನೊಂದರಲ್ಲಿ ತಿಂಗಳಿಗೆ ಇಷ್ಟು ಅಂತ ಬೆಲೆ ಹೇಳಿದರು. ಒಂದರ ಸಹಾಯವಾಣಿ ಎರಡು ನಿಮಿಷದಲ್ಲಿ ಎತ್ತಿತು, ಇನ್ನೊಂದು ಚಾಟ್‌ನಲ್ಲಿ ಕೂರಿಸಿ ಕಾಯಿಸಿತು. ಬೆಲೆಯಲ್ಲಿ ಮಾತ್ರ ಎದ್ದುಕಾಣುವ ಅಂತರ. ಅದೂ ಹೊಸ ಗಿರಾಕಿಗೆ ಮೊದಲ ಆರು ತಿಂಗಳು ಕೊಡುವ ರಿಯಾಯಿತಿಯದು.

2025ರ ಸೆಪ್ಟೆಂಬರ್ 14

ಅವತ್ತು ಎನ್‌ಬಿಎನ್ ತನ್ನ ಮೇಲಿನ ಹಂತದ ಸ್ಪೀಡುಗಳನ್ನೆಲ್ಲ ಏರಿಸಿತು. 100/20 ಇದ್ದದ್ದು 500/50, 250/25 ಇದ್ದದ್ದು 750/50, ಸಾವಿರದ ಪ್ಲಾನಿನ ಅಪ್‌ಲೋಡ್ 50ರಿಂದ 100. ಅದರ ಮೇಲೆ 2000ದ ಹೊಸ ಹಂತ. ಇದು ಎಫ್‌ಟಿಟಿಪಿ ಮತ್ತು ಹಳೇ ಟಿವಿ ಕೇಬಲ್ ಇರುವವರಿಗೆ ಮಾತ್ರ. ತಾಮ್ರದವರಿಗೆ ಏನೂ ಇಲ್ಲ.

ನಮ್ಮದು 100ರ ಪ್ಲಾನ್, ತಾನಾಗೇ 500 ಆಗಬೇಕಿತ್ತು. ಟೆಸ್ಟ್ ಮಾಡಿದರೆ 94! ಪೆಟ್ಟಿಗೆಗೂ ರೌಟರಿಗೂ ನಡುವಿನ ಹಳೇ ಕೇಬಲಿನಲ್ಲಿ ಒಂದು ಎಳೆ ಕೆಟ್ಟಿತ್ತು. ಅಂಥ ಕೇಬಲ್ 100ಕ್ಕಿಂತ ಮೇಲೆ ಹೋಗೋದೇ ಇಲ್ಲ. ಹತ್ತು ಡಾಲರ್ ಒಳಗಿನ ಹೊಸ ಕೇಬಲ್ ಹಾಕಿದ ಮೇಲೆ 500 ಬಂತು. ನಿಮಗೂ 90–95ರ ಹತ್ತಿರ ನಿಂತಿದ್ದರೆ ಮೊದಲು ಕೇಬಲ್ ನೋಡಿ, ಆಮೇಲೆ ರೌಟರಿನ ಪೋರ್ಟ್ ನೋಡಿ, ಕೊನೆಗೆ ಕಂಪನಿಗೆ ಫೋನ್ ಮಾಡಿ.

ಸಾವಿರದ ಪ್ಲಾನನ್ನೂ ಸ್ವಲ್ಪ ಕಾಲ ಇಟ್ಟು ನೋಡಿದೆವು. ಮಗನ ನೂರು ಗಿಗಾಬೈಟಿನ ಆಟ ಬೇಗ ಇಳಿಯಿತು ಅನ್ನೋದು ಬಿಟ್ಟರೆ ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ವೈಫೈನಲ್ಲಿ ಕೂತು ಬಳಸುವವರಿಗೆ ಸಾವಿರ ಸುಮ್ನೆ ಖರ್ಚು. ದೊಡ್ಡ ವಿಡಿಯೋ ಫೈಲುಗಳನ್ನ ದಿನಾ ಮೇಲಕ್ಕೆ ಕಳಿಸುವ ಕೆಲಸದವರಿಗೆ ಮಾತ್ರ ಆ 100ರ ಅಪ್‌ಲೋಡ್ ಬೆಲೆ ಬಾಳುತ್ತೆ. 500ಕ್ಕೆ ವಾಪಸ್ ಬಂದೆವು.

ಹತ್ತಿರದ ಸಬರ್ಬಿನ ಗೆಳೆಯನ ಮನೆಯಲ್ಲಿ ಎಚ್‌ಎಫ್‌ಸಿ, ಅಂದರೆ 1990ರ ದಶಕದಲ್ಲಿ ಪೇ ಟಿವಿಗಾಗಿ ಎಳೆದ ಕೇಬಲ್. ಅವನೂ 500ರ ಪ್ಲಾನಿನಲ್ಲೇ ಇದ್ದಾನೆ, ಅವನಿಗೂ ಅಷ್ಟೇ ಬರುತ್ತೆ. ಅವನ ಮನೆಯಲ್ಲಿ ಕೂತು ಬಳಸಿದಾಗ ನನಗೆ ಬೇರೆ ಏನೂ ಅನಿಸಲಿಲ್ಲ. ಆದರೆ ಅವನ ಬೀದಿಯಲ್ಲಿ ಕರೆಂಟು ಬೇಡುವ ಸಲಕರಣೆಗಳಿವೆ, ಬೀದಿಯಲ್ಲಿ ಕರೆಂಟು ಹೋದರೆ ನೆಟ್ಟೂ ಹೋಗುತ್ತೆ. ಹಾಗಂತ ಕೇಬಲ್ ಇರೋ ಮನೆಯವರು ಫೈಬರ್ ಇಲ್ಲ ಅಂತ ಕೊರಗುವ ಅಗತ್ಯ ನನಗಂತೂ ಕಾಣಲ್ಲ.

ಎಷ್ಟು ಸ್ಪೀಡ್ ಕೊಂಡರೂ ಬದಲಾಗದ ಒಂದು ವಿಷಯ ಇದೆ, ಊರಿನ ಕಾಲ್. ಇಲ್ಲಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ 9,000 ಕಿಲೋಮೀಟರಿಗಿಂತ ಜಾಸ್ತಿ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಹೋಗಿ ಬರೋಕೇ 90 ಮಿಲಿಸೆಕೆಂಡ್ ಬೇಕು. ಸಮುದ್ರದಡಿಯ ಕೇಬಲ್ ಸುತ್ತು ಹಾಕಿ ಹೋಗೋದರಿಂದ ನನಗೆ ಕಂಡದ್ದು 150ರ ಮೇಲೆಯೇ. ತಾಮ್ರದಿಂದ ಫೈಬರಿಗೆ ಬಂದಾಗ ಅಮ್ಮನ ಮುಖ ಚೊಕ್ಕವಾಗಿ ಕಂಡಿತು, ನಮ್ಮ ಮುಖ ಅವರಿಗೆ ಇನ್ನೂ ಚೊಕ್ಕವಾಯಿತು. ಮಾತು ಮಾತ್ರ ಮೊದಲಿನಷ್ಟೇ ತಡವಾಗಿ ತಲುಪುತ್ತೆ. "ಭಾರತದ ಕಾಲ್‌ಗೆ ಫಾಸ್ಟ್ ಆಗಿರತ್ತೆ" ಅಂತ ಯಾರಾದರೂ ದುಬಾರಿ ಪ್ಲಾನ್ ಮಾರೋಕೆ ಬಂದರೆ ನಂಬಬೇಡಿ.

ಬಾಡಿಗೆಯವರು ಫೈಬರ್ ಹಾಕಿಸಬೇಕಾದರೆ ಓನರ್ ಒಪ್ಪಿಗೆ ಬೇಕು. ಏಜೆಂಟಿಗೆ ಮೇಲ್ ಮಾಡುವಾಗ "ಖರ್ಚಿಲ್ಲ, ಮನೆಗೆ ಶಾಶ್ವತವಾಗಿ ಉಳಿಯುತ್ತೆ" ಅನ್ನೋ ಎರಡು ಮಾತನ್ನ ಮೊದಲ ಸಾಲಿನಲ್ಲೇ ಹಾಕಿ. ನನಗೆ ಗೊತ್ತಿರುವ ಇಬ್ಬರು ಬಾಡಿಗೆದಾರರಿಗೆ ಹೀಗೆ ಕೇಳಿದ ಮೇಲೆ ಒಪ್ಪಿಗೆ ಸಿಕ್ಕಿತು. ನಿಮ್ಮ ವಿಳಾಸಕ್ಕೆ ಇನ್ನೂ ಅಪ್‌ಗ್ರೇಡ್ ಬಂದಿಲ್ಲ ಅಂದರೂ ದಾರಿ ಪೂರ್ತಿ ಮುಚ್ಚಿಲ್ಲ. ಉಳಿದಿರುವ ಸುಮಾರು 6.2 ಲಕ್ಷ ಎಫ್‌ಟಿಟಿಎನ್ ಮನೆಗಳನ್ನ 2030ರ ಒಳಗೆ ಮುಗಿಸಲು 300 ಕೋಟಿ ಡಾಲರ್ ತನಕ ಕೊಡುವುದಾಗಿ ಸರ್ಕಾರ 2025ರ ಜನವರಿಯಲ್ಲಿ ಹೇಳಿದೆ. ಅಲ್ಲಿಯ ತನಕ 5ಜಿ ಪರೀಕ್ಷೆ ಮಾಡಿ ನೋಡಿ, ಟವರ್ ಹತ್ತಿರ ಇದ್ದರೆ ನಡೆಯುತ್ತೆ.

ನಾವೀಗ ಎರಡನೇ ಪೋರ್ಟಿನ ಕಂಪನಿಯಲ್ಲಿದ್ದೇವೆ, ಮೊದಲನೆಯದನ್ನ ನಿಲ್ಲಿಸಿದೆವು. ಫೋನ್ ಬೇಗ ಎತ್ತುತ್ತಾರೆ, ಸ್ವಂತ ಐಪಿ ಕೊಟ್ಟಿದ್ದಾರೆ, ಕಾಂಟ್ರ್ಯಾಕ್ಟ್ ಇಲ್ಲ. ಆರು ತಿಂಗಳ ರಿಯಾಯಿತಿ ಮುಗಿಯುವ ತಾರೀಖನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಪೂರ್ತಿ ಬೆಲೆ ಶುರುವಾದ ಮೇಲೂ ತಿಂಗಳಿಗೆ ಹತ್ತು ಡಾಲರ್ ಒಳಗಿನ ವ್ಯತ್ಯಾಸವಾದರೆ ಅಲ್ಲೇ ಉಳಿಯುವುದು, ಜಾಸ್ತಿ ಆದರೆ ಬೇರೆ ನೋಡುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ.