ಬೋರ್ಡಿನ ಮೇಲಿನ ಆಂಟೆನಾವೋ, ಪ್ಯಾಕೇಜಿನೊಳಗಿನದೋ?

ಪುಣೆಯ ಭೋಸರಿಯಲ್ಲಿರುವ ನಮ್ಮ ಸಣ್ಣ ಘಟಕದಲ್ಲಿ, ನೀರಿನ ಟ್ಯಾಂಕಿನ ಮಟ್ಟ ಅಳೆಯುವ 60 ಗಿಗಾಹರ್ಟ್ಸ್ ರಾಡಾರನ್ನು ಎರಡು ಬಗೆಯಲ್ಲಿ ಕಟ್ಟಿ ನೋಡಿದೆವು. ಒಂದರಲ್ಲಿ ಆಂಟೆನಾವನ್ನು ಬೋರ್ಡಿನ ತಾಮ್ರದಲ್ಲೇ ಎಚ್ಚಿಂಗ್ (ರಾಸಾಯನಿಕದಿಂದ ಕೊರೆಯುವುದು) ಮಾಡಿಸಲಾಗಿತ್ತು. ಇನ್ನೊಂದರಲ್ಲಿ ಅದು ರಾಡಾರ್ ಚಿಪ್ ಕೂತಿರುವ ಹೊರಕವಚದ, ಅಂದರೆ ಪ್ಯಾಕೇಜಿನ, ಒಳಗೇ ಇತ್ತು. ತರಂಗದ ಉದ್ದವೇ ಬರೀ 5 ಮಿ.ಮೀ. ಆಗಿರುವಾಗ, ಆಂಟೆನಾಕ್ಕೂ ಸರ್ಕ್ಯೂಟಿಗೂ ನಡುವಿನ ಪುಟ್ಟ ದಾರಿಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಚಿಪ್ ಅನ್ನು ಹೊರಗಿನ ಸಂಪರ್ಕಕ್ಕೆ ಜೋಡಿಸುವ ಎಳೆಯಾದ ಬಾಂಡ್ ತಂತಿಯ ಒಂದು ಮಿ.ಮೀ.ಗೆ ಇಂಡಕ್ಟನ್ಸ್ (ವಿದ್ಯುತ್ತಿನ ಬದಲಾವಣೆಯನ್ನು ತಡೆಯುವ ಗುಣ) ಸುಮಾರು 1 ನ್ಯಾನೊಹೆನ್ರಿ, ವೈಫೈನ 2.4 ಗಿಗಾಹರ್ಟ್ಸ್‌ನಲ್ಲಿ ಅದು ಒಡ್ಡುವ ತಡೆ 15 ಓಮ್, 60ರಲ್ಲಿ 377 ಓಮ್.

ಬೋರ್ಡಿನ ಆಂಟೆನಾಕ್ಕೆ, ಸಾಮಾನ್ಯ ಬೋರ್ಡುಗಳನ್ನು ಮಾಡುವ ಗಾಜುನಾರಿನ ಅಗ್ಗದ ಹಾಳೆಯಾದ ಎಫ್‌ಆರ್-4 ಆಗಿಬರುವುದಿಲ್ಲ, ಏಕೆಂದರೆ ಪ್ರತಿ ಸೆಂಟಿಮೀಟರಿಗೆ 2 ಡೆಸಿಬೆಲ್‌ನಷ್ಟು ಶಕ್ತಿಯನ್ನು ಅದೇ ನುಂಗಿಬಿಡುತ್ತದೆ. ಹಾಗಾಗಿ ನಷ್ಟ ಕಡಿಮೆಯಿರುವ ರೋಜರ್ಸ್ 4350ಬಿ ಹಾಳೆಗೆ ಹೋದೆವು. ಅದರ ಮೇಲೆ, ಆಂಟೆನಾವಾಗಿ ಕೆಲಸ ಮಾಡುವ ತಾಮ್ರದ ತುಂಡಾದ ಪ್ಯಾಚ್‌ನ ಉದ್ದ ಸುಮಾರು 1.4 ಮಿ.ಮೀ.; ಅದರಲ್ಲಿ 0.05 ಮಿ.ಮೀ. ಹೆಚ್ಚುಕಮ್ಮಿಯಾದರೂ ಅನುರಣನ (ಆಂಟೆನಾ ಚೆನ್ನಾಗಿ ಕೆಲಸ ಮಾಡುವ ಆವರ್ತನ) 2 ಗಿಗಾಹರ್ಟ್ಸ್‌ನಷ್ಟು ಆಚೀಚೆ ಸರಿಯುತ್ತದೆ. ಬೋರ್ಡು ಮಾಡಿಕೊಟ್ಟವರ ಒಂದು ಕಂತು ಇನ್ನೊಂದರಂತಿರಲಿಲ್ಲ ಎಂಬುದು ಸೂಕ್ಷ್ಮದರ್ಶಕದಡಿ ಪ್ಯಾಚ್‌ನ ಅಂಚುಗಳನ್ನು ನೋಡಿದಾಗಲೇ ಕಾಣುತ್ತಿತ್ತು. ಆದರೂ ಇದರ ಒಂದು ಗುಣವನ್ನು ನಾನು ಬಹಳ ಮೆಚ್ಚುತ್ತೇನೆ: ಅದೇ ಆಂಟೆನಾದ ಇನ್ನೊಂದು ಪ್ರತಿಗೆ 1.85 ಮಿ.ಮೀ. ಕನೆಕ್ಟರ್ ಹಾಕಿ, ಸಂಕೇತ ಎಷ್ಟು ಒಳಹೋಗಿ ಎಷ್ಟು ಮರಳುತ್ತದೆಂದು ಅಳೆಯುವ ನೆಟ್‌ವರ್ಕ್ ಅನಲೈಜರಿಗೆ ಜೋಡಿಸಿದರೆ, ತಪ್ಪು ಆಂಟೆನಾದ್ದೋ ಸರ್ಕ್ಯೂಟಿನದ್ದೋ ಎಂಬುದು ತಕ್ಷಣ ತಿಳಿಯುತ್ತದೆ.

ಪ್ಯಾಕೇಜಿನೊಳಗಿನ ಆಂಟೆನಾದಲ್ಲಿ ಆ ಸೌಲಭ್ಯವಿಲ್ಲ. ಮುಟ್ಟಲು ಒಂದು ತುದಿಯೂ ಸಿಗದ ಕಾರಣ, ತರಂಗವನ್ನು ಬಂದ ದಿಕ್ಕಿಗೇ ಮರಳಿಸುವ ಲೋಹದ ಮೂಲೆ ಪ್ರತಿಫಲಕವನ್ನು ಎದುರಿಗಿಟ್ಟು, ಆಂಟೆನಾ, ಸರ್ಕ್ಯೂಟು ಸೇರಿದ ಇಡೀ ಸರಪಳಿಯನ್ನು ಒಟ್ಟಾಗಿಯೇ ಅಳೆಯಬೇಕು. ಬದಲಿಗೆ, ದಾರಿಯ ತೊಂದರೆಯನ್ನೆಲ್ಲ ಚಿಪ್ ತಯಾರಕರೇ ಬಗೆಹರಿಸಿರುತ್ತಾರೆ, ಕೆಳಗೆ ಸಾಮಾನ್ಯ ಎಫ್‌ಆರ್-4 ಇದ್ದರೂ ನಡೆಯುತ್ತದೆ. ಇನ್ಫಿನಿಯಾನ್‌ನ ಬಿಜಿಟಿ60ಟಿಆರ್13ಸಿ ಎಂಬ ಚಿಪ್ 6.5 × 5 ಮಿ.ಮೀ. ಜಾಗದಲ್ಲಿ ಕಳಿಸುವ ಒಂದು, ಪಡೆಯುವ ಮೂರು ಆಂಟೆನಾಗಳನ್ನು ಅಡಗಿಸಿಕೊಂಡಿದೆ. (2019ರ ಪಿಕ್ಸೆಲ್ 4 ಫೋನಿನಲ್ಲಿ ಇದೇ ತಂತ್ರದ ರಾಡಾರ್ ಇತ್ತು, 60 ಗಿಗಾಹರ್ಟ್ಸ್‌ಗೆ ಇಲ್ಲಿ ಆಗ ಅನುಮತಿ ಇಲ್ಲದ್ದರಿಂದ ಆ ಫೋನು ಭಾರತಕ್ಕೆ ಬರಲೇ ಇಲ್ಲ.) ಕಿರಿಕಿರಿ ಇರುವುದು ಕಿರಣದ ಅಗಲದಲ್ಲಿ. ಟ್ಯಾಂಕಿನ ಒಳಗೋಡೆಯ ಕಬ್ಬಿಣದ ಮೆಟ್ಟಿಲುಗಳೆಲ್ಲ ನೀರಿನ ಮಟ್ಟದಂತೆಯೇ ಮರುದನಿ ಕೊಡುತ್ತಿದ್ದವು. ಮೇಲೊಂದು ಪ್ಲಾಸ್ಟಿಕ್ ಲೆನ್ಸ್ ಕೂರಿಸಿದ ನಂತರವೇ ಅವು ಅಡಗಿದವು. ಬೋರ್ಡಿನ ಮೇಲೆ ಪ್ಯಾಚ್‌ಗಳನ್ನು ಸಾಲಾಗಿ ಜೋಡಿಸಿ ಕಿರಣವನ್ನು ಕಿರಿದಾಗಿಸಿದ್ದಾಗ ಈ ಗೋಜೇ ಇರಲಿಲ್ಲ.

ಸಿಲಿಕಾನಿನ ಮೇಲೆಯೇ ಆಂಟೆನಾ ಬರೆಯುವ ಮೂರನೆಯ ದಾರಿಯನ್ನು ನಾವು ಮುಟ್ಟಲಿಲ್ಲ. ಸಿಲಿಕಾನಿನ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರವನ್ನು ತನ್ನೊಳಗೆ ಸೆಳೆದುಕೊಳ್ಳುವ ಗುಣ) 11.7ರಷ್ಟು ಹೆಚ್ಚಿರುವುದರಿಂದ ಶಕ್ತಿಯ ಬಹುಪಾಲು ಒಳಗೇ ಇಂಗುತ್ತದೆ. ತರಂಗದ ಉದ್ದ 2 ಮಿ.ಮೀ.ಗೆ ಇಳಿಯುವ 140 ಗಿಗಾಹರ್ಟ್ಸ್ ಸುತ್ತಮುತ್ತ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ನಾವು ಕಟ್ಟಿದ ಎರಡಕ್ಕೂ ಸಮನಾಗಿ ಕಾಡಿದ್ದು ರಾಡಾರಿನ ಮುಚ್ಚಳ. ಪ್ರತಿಫಲನ ತಗ್ಗಲೆಂದು ಎಬಿಎಸ್ ಪ್ಲಾಸ್ಟಿಕ್ಕಿನೊಳಗಿನ ಅರ್ಧ ತರಂಗಕ್ಕೆ ಹೊಂದುವ 1.5 ಮಿ.ಮೀ. ದಪ್ಪವನ್ನೇ ಇಟ್ಟರೂ, ಮಳೆಗಾಲದಲ್ಲಿ ಒಳಬದಿಗೆ ಹನಿ ಕಟ್ಟಿದರೆ ಸಂಕೇತ ಕುಸಿಯುತ್ತದೆ. ಸಣ್ಣ ಸಂಖ್ಯೆಯ ತಯಾರಿಕೆಗೆ ಲೆನ್ಸಿನೊಂದಿಗೆ ಪ್ಯಾಕೇಜಿನ ಆಂಟೆನಾವೇ ಲೇಸೆಂದು ಅದನ್ನೇ ಆರಿಸಿಕೊಂಡೆವು. ಲೆನ್ಸಿಗೆ ಜಾಗವಿಲ್ಲದ ಇಕ್ಕಟ್ಟಿನ ಟ್ಯಾಂಕುಗಳಿಗೆ ಮಾತ್ರ ರೋಜರ್ಸ್ ಬೋರ್ಡನ್ನು ಉಳಿಸಿಕೊಂಡಿದ್ದೇವೆ.