‘ಹುಬ್ಬಳ್ಳಿ’ ಫಾಂಟ್: ಕಾರ್ಡಿಗೆ ಚಂದ, ಬ್ಯಾನರಿಗೆ ಬೇಡ

ಕಾಲೇಜು ಮುಗಿಸಿ ಸಂಜೆ ಎರಡು ತಾಸು ಡಿಸೈನ್ ಕೆಲಸ ಮಾಡುವ ಧಾರವಾಡ, ಗದಗ ಕಡೆಯ ವಿದ್ಯಾರ್ಥಿಗಳಿಗೆ ಗೂಗಲ್ ಫಾಂಟ್ಸ್ ತಾಣದಲ್ಲಿ ಸಿಗುವ ‘ಹುಬ್ಬಳ್ಳಿ’ ಎಂಬ ಕನ್ನಡ ಫಾಂಟ್ ಒಳ್ಳೆಯ ಸಾಮಾನು. ಊರಿನ ಹೆಸರಿದೆ ಅಂತ ಹೇಳುತ್ತಿಲ್ಲ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಗಿರಾಕಿಯ ಕೆಲಸಕ್ಕೆ ಬಳಸಿದರೂ ದುಡ್ಡು ಕೊಡಬೇಕಿಲ್ಲ. ಇಂಗ್ಲಿಷ್ ಅಕ್ಷರಗಳೂ ಇದರಲ್ಲೇ ಇವೆ; ಇಮೇಲ್ ವಿಳಾಸಕ್ಕೆ ಬೇರೆ ಜೋಡಿ ಹುಡುಕುವುದು ತಪ್ಪುತ್ತದೆ.

ಗೆರೆಯ ದಪ್ಪ ಉದ್ದಕ್ಕೂ ಒಂದೇ ಸಮ. ಸೀಮಂತದ ಕಾರ್ಡು, ಖಾನಾವಳಿಯ ಮೆನುವಿಗೆ ಒಪ್ಪುತ್ತದೆ. ಆದರೆ ಸಿಗುವುದು ರೆಗ್ಯುಲರ್, ಅಂದರೆ ಮಾಮೂಲಿ ದಪ್ಪ, ಒಂದೇ. ಬೋಲ್ಡ್ ಗುಂಡಿ ಒತ್ತಿದರೆ ಸಾಫ್ಟ್‌ವೇರ್ ಸುಳ್ಳು ದಪ್ಪ ತುಂಬಿ ಒತ್ತಕ್ಷರದ ಹೊಟ್ಟೆ ಮುಚ್ಚಿಬಿಡುತ್ತದೆ. 6×3 ಅಡಿ ಫ್ಲೆಕ್ಸಿನ ತಲೆಬರಹಕ್ಕೆ ‘ಬಾಲೂ ತಮ್ಮ 2’ ಎಂಬ ಫಾಂಟ್ ಹಿಡಿಯಿರಿ.

ಸಾಲಿನ ಅಂತರ 1.4ಕ್ಕಿಂತ ಕಡಿಮೆ ಬೇಡ; ‘ಶಾಸ್ತ್ರಿ’ಯ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಫೋಟೋಶಾಪಿನ ಹಳೆ ಆವೃತ್ತಿಯಲ್ಲಿ ಒತ್ತು ಪಕ್ಕಕ್ಕೆ ಸರಿದರೆ ಅದು ಫಾಂಟಿನ ತಪ್ಪಲ್ಲ. ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಬೇಕು. ಗಿರಾಕಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ, ಯುನಿಕೋಡ್ ಅಲ್ಲದ ಹಳೆ ಆಸ್ಕಿ ಫೈಲು ಕೊಟ್ಟರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡಿಗೆ ಬದಲಿಸಿ, ಅರ್ಕಾವತ್ತು ಒಂದೊಂದನ್ನೂ ಕಣ್ಣಿಟ್ಟು ನೋಡಿ.

ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಈ ಫಾಂಟ್ ಇರುತ್ತದೆಂದು ನಂಬಬೇಡಿ. ಡಿಸೈನ್ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಅಕ್ಷರ ಆರಿಸಿ, ಶಿಫ್ಟ್+ಕಂಟ್ರೋಲ್+ಸಿ ಒತ್ತಿ ಪಾತ್ (ಅಂದರೆ ಬರೀ ಗೆರೆಯ ಚಿತ್ರ) ಮಾಡಿ, ಪಿಡಿಎಫ್ ಕಳಿಸಿ. ಪಾತ್ ಆದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ; ಮೊದಲಿನ ಪ್ರತಿ ಬೇರೆ ಇಟ್ಟುಕೊಳ್ಳಿ. ಪರೀಕ್ಷೆಯ ಹಿಂದಿನ ರಾತ್ರಿಯೇ ‘ಹೆಸರಿನ್ಯಾಗ ಒಂದಕ್ಷರ ತಪ್ಪೈತ್ರಿ’ ಅಂತ ಫೋನು ಬರುವುದು.