ಕಿತ್ತೂರು ಕೋಟೆ ದಾರಿಯ ಖಾನಾವಳಿ: ರೊಟ್ಟಿ ಊಟವೂ ಚೆನ್ನ, ಬಡಿಸುವವರ ಮಾತೂ ಚೆನ್ನ

ಧಾರವಾಡ–ಬೆಳಗಾವಿ ಹೆದ್ದಾರಿಯಲ್ಲಿ ಓಡಾಡುವ ಎಷ್ಟೋ ಜನ ಕಿತ್ತೂರಿನ ಹೆಸರು ಓದಿ ಹಾಗೇ ಮುಂದೆ ಹೋಗುತ್ತಾರೆ. ದಯವಿಟ್ಟು ಊರೊಳಗೆ ಬನ್ನಿ. ಕೋಟೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಖಾನಾವಳಿ ಇದೆ. ಬೋರ್ಡ್ ದೊಡ್ಡದಿಲ್ಲ, ರೊಟ್ಟಿ ಬಡಿಯುವ ಸದ್ದು ಕೇಳಿ ಒಳಗೆ ಹೋದರೆ ಆಯ್ತು.

ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಗುರೆಳ್ಳು ಹಿಂಡಿಯನ್ನು ಅಲ್ಲೇ ಕುಟ್ಟಿರುತ್ತಾರೆ, ಮೊಸರಿಗೆ ಕಲಸಿಕೊಂಡರೆ ಇನ್ನೊಂದು ರೊಟ್ಟಿ ಬೇಕೇ ಬೇಕು. ಅನ್ನ–ಸಾರು ಪರವಾಗಿಲ್ಲ, ಅಷ್ಟೇ. ಭಾನುವಾರ ತಡವಾಗಿ ಹೋದರೆ ರೊಟ್ಟಿ ಮುಗಿದಿರುತ್ತದೆ.

ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಬಡಿಸುವ ಅವ್ವ. ನಾವು ಮೊದಲ ಸಲ ಬಂದವರು ಅಂತ ಗೊತ್ತಾದ ಕೂಡಲೇ ಕೋಟೆಯ ಕಡೆ ಕೈ ತೋರಿಸಿದರು. "ಥ್ಯಾಕರೆ ಸಾಹೇಬ ಅಗಸಿ ತೆಗೀರಿ ಅಂದ್ನಂತ್ರಿ. ನಮ್ಮವರು ತೆಗದ್ರು, ಕತ್ತಿ ಹಿಡಕೊಂಡ ಹೊರಗ ಬಂದ್ರು!" ನಿನ್ನೆ ನಡೆದದ್ದನ್ನು ಹೇಳಿದ ಹಾಗೇ ಇತ್ತು. ಅದು 1824ರ ಅಕ್ಟೋಬರ್ 23. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೆಗೆದುಕೊಂಡ ದತ್ತು ಮಗನನ್ನು ಒಪ್ಪದ ಈಸ್ಟ್ ಇಂಡಿಯಾ ಕಂಪನಿಯವರು ಸಂಸ್ಥಾನವನ್ನೇ ನುಂಗಲು ಬಂದಿದ್ದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅಂದೇ ಸತ್ತ. ಹೊಡೆದವನು ರಾಣಿ ಚೆನ್ನಮ್ಮನ ಬಂಟ ಅಮಟೂರು ಬಾಳಪ್ಪ ಅಂತ ಇಲ್ಲಿ ಮಕ್ಕಳೂ ಹೇಳುತ್ತಾರೆ. ಅವತ್ತು ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಕಿತ್ತೂರಿನವರು ಅವನ ಜೀವ ಉಳಿಸಿದರು. ಮುಂದೆ ಅವನೇ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಇದನ್ನು ನೆನೆದಾಗಲೆಲ್ಲ ನನಗೆ ಕಿತ್ತೂರಿನ ಮೇಲೆ ಗೌರವ ಹೆಚ್ಚಾಗುತ್ತದೆ.

ಊಟ ಮಾಡಿಯೇ ಕೋಟೆಗೆ ಹೋಗಿ. ಒಳಗೆ ಅರಮನೆಯ ದಪ್ಪ ಗೋಡೆಗಳು, ಸ್ನಾನದ ಕೋಣೆ, ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಬಿಟ್ಟ ಕಿಂಡಿ ಇವೆ. ಚಾವಣಿ ಇಲ್ಲ. ಅದೇ 1824ರ ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂದ ಬ್ರಿಟಿಷರು ಕೋಟೆ ಹಿಡಿದು ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ರಾಣಿ 1829ರಲ್ಲಿ ಅಲ್ಲೇ ತೀರಿಕೊಂಡರು. ಸಮಯವಿದ್ದರೆ ಸಮಾಧಿಗೂ ಹೋಗಿ ಬನ್ನಿ, "ನೋಡ್ದ ಹೋಗಬ್ಯಾಡ್ರಿ" ಅಂತ ಆ ಅವ್ವನೇ ಹೇಳಿ ಕಳಿಸುತ್ತಾರೆ.

ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ ಇರುತ್ತದೆ. ಆಗ ಖಾನಾವಳಿಯಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಸಮಾಧಾನವಾಗಿ ಊಟ ಮಾಡಿ ಮಾತು ಕೇಳಬೇಕು ಅಂದರೆ ಬೇರೆ ದಿನ, ಮಧ್ಯಾಹ್ನ ಸ್ವಲ್ಪ ಬೇಗ ಹೋಗಿ.